ಇನ್ಸುಲಿನ್ ತೀರುವ ಮೊದಲೇ ಫಾರಂ ಕೇಳಿ

ಅಮೆರಿಕದ ಮಿನೆಸೋಟ ರಾಜ್ಯದ ಫಾರ್ಮಸಿ ಕೌಂಟರುಗಳಲ್ಲಿ ಹೀಗಾಗುವುದುಂಟು. ಕೆಲಸ ಹೋಗಿ ಹಳೆಯ ಇನ್ಶೂರೆನ್ಸ್ ನಿಂತಿದೆ, ಹೊಸದು ಶುರುವಾಗಿಲ್ಲ, ವಯಲ್‌ನಲ್ಲಿ ನಾಲ್ಕು ದಿನಕ್ಕಾಗುವಷ್ಟು ಇನ್ಸುಲಿನ್ ಮಾತ್ರ ಇದೆ. ಬಿಲ್ ನೋಡಿ ಗಾಬರಿಯಾದವರು ಬರಿಗೈಲಿ ಹೊರಡುತ್ತಾರೆ. ದಯವಿಟ್ಟು ಹೊರಡಬೇಡಿ. ಇನ್ಸುಲಿನ್ ತುರ್ತಾಗಿ ಬೇಕಾದವರಿಗೆಂದೇ ಇರುವ ‘ಅರ್ಜೆಂಟ್ ನೀಡ್’ ಅರ್ಜಿ ಕೇಳಿ.

ಆಲೆಕ್ ಸ್ಮಿತ್ ಎಂಬ 26 ವರ್ಷದ ಹುಡುಗನನ್ನು ಕಳೆದುಕೊಂಡ ಮೇಲೆ ಬಂದ ಅರ್ಜಿಯಿದು. ವಯಸ್ಸು ಮೀರಿತೆಂದು ತಾಯಿಯ ಇನ್ಶೂರೆನ್ಸಿನಿಂದ ಅವನ ಹೆಸರು ಹೋಯಿತು. ತಿಂಗಳಿಗೆ ಸುಮಾರು 1,300 ಡಾಲರ್ ಹೊಂದಿಸಲಾಗದೆ ಇನ್ಸುಲಿನ್ ಉಳಿಸಿ ಉಳಿಸಿ ಹಾಕಿಕೊಂಡು, 2017ರ ಜೂನ್‌ನಲ್ಲಿ ತೀರಿಕೊಂಡ. ತಾಯಿ ನಿಕೋಲ್ ಸ್ಮಿತ್-ಹೋಲ್ಟ್ ಹಟ ಹಿಡಿದು ಹೋರಾಡಿದರು. 2020ರ ಏಪ್ರಿಲ್‌ನಲ್ಲಿ ಗವರ್ನರ್ ಟಿಮ್ ವಾಲ್ಜ್ ಸಹಿ ಹಾಕಿದ ಕಾನೂನಿಗೆ ಮಗನ ಹೆಸರೇ ಇದೆ.

ಕೈಯಲ್ಲಿ ಏಳು ದಿನಕ್ಕಿಂತ ಕಡಿಮೆ ಇನ್ಸುಲಿನ್ ಇರಬೇಕು, ತಿಂಗಳಿಗೆ ಕೈಯಿಂದ 75 ಡಾಲರಿಗಿಂತ ಹೆಚ್ಚು ಕೊಡಬೇಕಾಗಿ ಬಂದಿರಬೇಕು, ಮೆಡಿಕಲ್ ಅಸಿಸ್ಟೆನ್ಸ್ ಅಥವಾ ಮಿನೆಸೋಟಕೇರ್ ಎಂಬ ಸರ್ಕಾರಿ ಆರೋಗ್ಯ ಯೋಜನೆಗಳಲ್ಲಿ ಇರಬಾರದು. ಚಾಲ್ತಿಯಲ್ಲಿರುವ ಡಾಕ್ಟರ್ ಚೀಟಿ ಮತ್ತು ರಾಜ್ಯದ ಐಡಿ ತೋರಿಸಿದರೆ 30 ದಿನದ ಇನ್ಸುಲಿನ್ ಅಲ್ಲೇ ಕೈಗೆ ಬರುತ್ತದೆ. 35 ಡಾಲರ್ ಮೀರಿ ಕೇಳುವಂತಿಲ್ಲ. ಬಹಳ ಜನ ಎಡವುವುದು ಚೀಟಿಯ ವಿಷಯದಲ್ಲಿ. ಅವಧಿ ಮುಗಿದಿದ್ದರೆ ಡಾಕ್ಟರಿಗೆ ಮೊದಲು ಫೋನ್ ಮಾಡಿ, ಆಮೇಲೆ ಕೌಂಟರಿಗೆ ಹೋಗಿ.

ಈ ಸೌಲಭ್ಯ ವರ್ಷಕ್ಕೆ ಒಂದೇ ಸಲ. ಆದ್ದರಿಂದ ಅದೇ ವಾರ ಎರಡನೆಯ ಅರ್ಜಿಯನ್ನೂ ತಯಾರಕ ಕಂಪನಿಗೆ ಹಾಕಿಬಿಡಬೇಕು. ಕುಟುಂಬದ ಆದಾಯ ಬಡತನ ರೇಖೆಯ 400 ಶೇಕಡಾ ಮೀರದಿದ್ದರೆ, 90 ದಿನದ ಇನ್ಸುಲಿನ್ 50 ಡಾಲರಿಗೆ, ಒಂದು ವರ್ಷ ಸಿಗುತ್ತದೆ. ಇದನ್ನು ಬಿಟ್ಟವರಿಗೆ ಮರುತಿಂಗಳು ಮತ್ತೆ ಅದೇ ಪಾಡು.

ಹಲವು ರಾಜ್ಯಗಳು ಕಾಪೇಗೆ, ಅಂದರೆ ಇನ್ಶೂರೆನ್ಸ್ ಇದ್ದರೂ ನಾವು ಕೈಯಿಂದ ಕೊಡಬೇಕಾದ ಪಾಲಿಗೆ, ಮಿತಿ ಹಾಕಿವೆ. 2019ರಲ್ಲಿ ಕೊಲರಾಡೊ ಮೊದಲು ಹಾಕಿತು. ಆದರೆ ದೊಡ್ಡ ಕಂಪನಿಗಳು ತಮ್ಮದೇ ದುಡ್ಡಿನಿಂದ ನಡೆಸುವ ಪ್ಲಾನುಗಳು ರಾಜ್ಯದ ಕೈಗೆ ಸಿಗುವುದಿಲ್ಲ. ಐಟಿಯಲ್ಲಿರುವ ನಮ್ಮವರಲ್ಲಿ ಎಷ್ಟೋ ಜನರ ಪ್ಲಾನು ಇಂಥದ್ದೇ. ‘ಸೆಲ್ಫ್ ಫಂಡೆಡ್ ಹೌದಾ?’ ಎಂದು ಎಚ್‌ಆರ್‌ಗೆ ಈಗಲೇ ಕೇಳಿಟ್ಟುಕೊಳ್ಳಿ. ಊರಿಂದ ಮಕ್ಕಳ ಮನೆಗೆ ಬಂದುಹೋಗುವ ಅಪ್ಪ ಅಮ್ಮ ರಾಜ್ಯದ ನಿವಾಸಿಗಳಲ್ಲ, ಅವರಿಗೆ ಈ ಅರ್ಜಿ ನಡೆಯದು. ಬರುವಾಗಲೇ ಪೂರ್ತಿ ಇನ್ಸುಲಿನ್ ಚೀಟಿಯ ಸಮೇತ ಹ್ಯಾಂಡ್‌ಬ್ಯಾಗಿನಲ್ಲಿ ತರಲಿ. ಚೆಕ್-ಇನ್ ಸಾಮಾನಿನಲ್ಲಿ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ.

ಟೈಪ್ 1 ಸಕ್ಕರೆ ಕಾಯಿಲೆ ಇರುವವರು ಅರ್ಜಿ ಆಗುವ ತನಕ ಅಂತ ಡೋಸ್ ಅರ್ಧ ಮಾಡಿಕೊಳ್ಳಬಾರದು. ಇನ್ಸುಲಿನ್ ಸಾಲದೆ ಹೋದರೆ ಮೈ ಕೊಬ್ಬನ್ನು ಕರಗಿಸತೊಡಗುತ್ತದೆ, ರಕ್ತದಲ್ಲಿ ಕೀಟೋನ್ ಆಮ್ಲ ತುಂಬುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಶುರುವಾದರೆ ಫಾರ್ಮಸಿಗಲ್ಲ, ನೇರ ಎಮರ್ಜೆನ್ಸಿಗೆ ಹೋಗಿ.