ಅತ್ತೆಯ ಹುಟ್ಟಿದ ತಾರೀಖು

ಅತ್ತೆ ದಿವಾನ್ ಮೇಲೆ ಮಲಗಿದ್ದರು. ನಾನು ಪಕ್ಕದಲ್ಲಿ ಖಾಲಿ ಮಾತ್ರೆ ಶೀಟು ಹಿಡಿದು ನಿಂತಿದ್ದೆ.

"ನಮಸ್ಕಾರ. ನಾನು ಈ ವಾರ್ಡಿನ ನರ್ಸ್. ನಿಮ್ಮ ಪೂರ್ತಿ ಹೆಸರು, ಹುಟ್ಟಿದ ತಾರೀಖು ಹೇಳ್ತೀರಾ?"

"ಒಂಬತ್ತು ವರ್ಷ ಆಯ್ತು ನೀನು ಈ ಮನೆಗೆ ಬಂದು. ಇನ್ನೂ ನನ್ನ ಹೆಸರು ಗೊತ್ತಿಲ್ವೇನೇ?"

"ಅತ್ತೆ, ಸುಮ್ನೆ ಹೇಳಿ."

ಹೆಸರು ಹೇಳಿದರು. ತಾರೀಖು ಅಂದಾಗ ಸೂರು ನೋಡಿದರು. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತಿದೆ. ಅವರ ಓರಗೆಯ ಅರ್ಧ ಊರೇ ಜನವರಿ 1ಕ್ಕೆ ಹುಟ್ಟಿದೆ, ಅದು ಬೇರೆ ಮಾತು. "ಕಣದಲ್ಲಿ ರಾಗಿ ಬಡೀತಿದ್ರಂತೆ, ಹುಣ್ಣಿಮೆ ಹತ್ರ ಇತ್ತಂತೆ" ಅಂದರು. ಅಲರ್ಜಿ ಏನಾದರೂ ಇದೆಯಾ ಅಂದರೆ, "ಬದನೆಕಾಯಿ ನಂಜು."

ಇದು 2022ರ ಬೇಸಿಗೆ, ತುಮಕೂರಿನ ನಮ್ಮ ಮನೆ. ನಾನು ಓಸ್ಕಿಗೆ ತಯಾರಿ ಮಾಡುತ್ತಿದ್ದೆ.

ಓಸ್ಕಿ ಅಂದರೆ ಬ್ರಿಟನ್‌ನಲ್ಲಿ ನರ್ಸ್ ಆಗಲು ಹೊರದೇಶದಲ್ಲಿ ಓದಿದವರು ಬರೆಯಬೇಕಾದ, ಅಲ್ಲ, ಮಾಡಿ ತೋರಿಸಬೇಕಾದ ಪರೀಕ್ಷೆ. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ನಮ್ಮ ಬಾಯಲ್ಲಿ ಎನ್‌ಎಂಸಿ, ಇದನ್ನು ಪಾಸ್ ಮಾಡಿದ ಮೇಲೇ ರಿಜಿಸ್ಟರ್‌ಗೆ ಹೆಸರು ಸೇರಿಸಿ ಪಿನ್ ನಂಬರ್ ಕೊಡುತ್ತದೆ. ಅದಕ್ಕಿಂತ ಮುಂಚೆ ಇನ್ನೂ ಒಂದಷ್ಟು ಮೆಟ್ಟಿಲಿವೆ. ಎಲ್ಲರೂ ಹೆದರಿಸುವುದು ಇಂಗ್ಲಿಷ್ ಬಗ್ಗೆ. ನನಗೆ ನಿಜವಾಗಿ ತಲೆನೋವಾಗಿದ್ದು ನನ್ನ ಹೆಸರು.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಟಿ.ಎಚ್. ಅಂತಿದೆ. ಟಿ ಅಂದರೆ ತೋವಿನಕೆರೆ, ನಮ್ಮೂರು. ಎಚ್ ಅಂದರೆ ಹನುಮಂತರಾಯಪ್ಪ, ನಮ್ಮಪ್ಪ. ಇನ್ನೊಂದು ಸರ್ಟಿಫಿಕೇಟಿನಲ್ಲಿ ಇದೇ ಎರಡಕ್ಷರ ಹೆಸರಿನ ಕೊನೆಗೆ ಹೋಗಿ ಕೂತಿವೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಹಾಗಾಗಿ ಅಲ್ಲಿ ಊರು, ಅಪ್ಪ ಇಬ್ಬರೂ ಸೇರಿ ನನ್ನ ಸರ್‌ನೇಮ್ ಆದರು. ಸಾಲದ್ದಕ್ಕೆ ಇಂಗ್ಲಿಷಿನಲ್ಲಿ 'ಟುಮ್ಕೂರ್' ಆಗಿದ್ದ ಜಿಲ್ಲೆ 2014ರ ನವೆಂಬರ್ 1ರಿಂದ ಅಲ್ಲೂ 'ತುಮಕೂರು' ಆಯಿತು. ನನ್ನ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾದ ಕಾಗದಗಳೆಲ್ಲ ಹಳೇ ಸ್ಪೆಲಿಂಗಿನವು, ಎಕ್ಸ್‌ಪೀರಿಯನ್ಸ್ ಲೆಟರ್ ಹೊಸ ಸ್ಪೆಲಿಂಗಿನದು. ಇವೆರಡು ಬೇರೆ ಬೇರೆ ಊರಾ ಅಂತ ಫೋನಿನಲ್ಲಿ ಒಬ್ಬಳು ಕೇಳಿದಳು. ಪಾಪ, ಅವಳಿಗೇನು ಗೊತ್ತು. ಕೊನೆಗೆ ಕೋರ್ಟ್ ಹತ್ತಿರ ಹೋಗಿ, ಈ ಮೂವರೂ ನಾನೇ ಅಂತ ಸ್ಟಾಂಪ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿಕೊಂಡು ಬಂದೆ. ನರ್ಸಿಂಗ್ ಓದುತ್ತಿರುವ ಹುಡುಗಿಯರಿಗೆ ನಾನು ಮೊದಲು ಹೇಳುವುದೇ ಇದು: ಇಂಗ್ಲಿಷ್ ಕೋಚಿಂಗ್ ಆಮೇಲೆ ಸೇರಿ, ಹೆಸರು ಎಲ್ಲಾ ಕಾಗದದಲ್ಲೂ ಒಂದೇ ಥರ ಇದೆಯಾ ಈಗಲೇ ನೋಡಿ.

ಇಂಗ್ಲಿಷ್ ಪರೀಕ್ಷೆಗೆ ನಾನು ಐಇಎಲ್‌ಟಿಎಸ್ ಬಿಟ್ಟು ಓಇಟಿ ತಗೊಂಡೆ. ಫೀಸ್ ಜಾಸ್ತಿ, ಆದರೆ ಪೂರ್ತಿ ಆಸ್ಪತ್ರೆ ಭಾಷೆ. ಕೇಳುವುದು, ಓದುವುದು, ಮಾತಾಡುವುದರಲ್ಲಿ 350, ಬರೆಯುವುದರಲ್ಲಿ 300 ಬಂದರೆ ಎನ್‌ಎಂಸಿಗೆ ಸಾಕು. ಬರೆಯುವುದು ಅಂದರೆ ಪೇಷೆಂಟ್ ಬಗ್ಗೆ ಇನ್ನೊಬ್ಬರಿಗೆ ಒಂದು ಪತ್ರ. ಕನ್ನಡ ಮೀಡಿಯಂನವಳು ನಾನು, ಎರಡನೇ ಸಲಕ್ಕೆ ಆಯಿತು. ಸಿಬಿಟಿ, ಅಂದರೆ ಕಂಪ್ಯೂಟರ್ ಮುಂದೆ ಕೂತು ಮಾಡುವ ನರ್ಸಿಂಗ್ ಪರೀಕ್ಷೆ, ಬೆಂಗಳೂರಿನಲ್ಲಿ. 15 ಲೆಕ್ಕಕ್ಕೆ ಅರ್ಧ ಗಂಟೆ, 100 ಪ್ರಶ್ನೆಗೆ ಎರಡೂವರೆ ಗಂಟೆ, ಫೀಸ್ 83 ಪೌಂಡ್. ಲೆಕ್ಕ ಕಷ್ಟವಲ್ಲ. 1000 ಎಂಎಲ್ ಡ್ರಿಪ್ 8 ಗಂಟೆಯಲ್ಲಿ ಹೋಗಬೇಕು, ಸೆಟ್ಟು ಎಂಎಲ್‌ಗೆ 20 ಹನಿ, ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ? 42. ನಾವು ವಾರ್ಡಿನಲ್ಲಿ ಕಣ್ಣಂದಾಜಿನಲ್ಲಿ ಬಿಡುತ್ತಿದ್ದೆವು, ಹೇಳಬಾರದು ಇದನ್ನ.

ಮಧ್ಯದಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದ. ಕೆಲಸ, ವೀಸಾ, ಎಲ್ಲ ಸೇರಿ ಮೂರು ಲಕ್ಷ ಅಂದ. ನಮ್ಮನೆಯವರು ಒಡವೆ ಇಡುವ ಮಾತೂ ಆಡಿದ್ದರು. ಬ್ರಿಟನ್‌ನ ಕಾನೂನಿನಲ್ಲಿ ಕೆಲಸ ಹುಡುಕಿಕೊಡಲು ಕೆಲಸಗಾರರ ಹತ್ತಿರ ಏಜೆನ್ಸಿ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಆಸ್ಪತ್ರೆಯೇ ಕೊಡಬೇಕು ಅಂತ ಸೀನಿಯರ್ ಒಬ್ಬರು ಹೇಳದೇ ಇದ್ದಿದ್ದರೆ ಕೊಟ್ಟೇಬಿಡುತ್ತಿದ್ದೆವು.

ಸರಿ, ಓಸ್ಕಿಗೆ ಬರೋಣ. ಒಟ್ಟು 10 ಸ್ಟೇಷನ್. ನಾಲ್ಕು ಒಬ್ಬನೇ ಪೇಷೆಂಟ್ ಸುತ್ತ: ವಿಚಾರಿಸಿ ನೋಡುವುದು, ಆರೈಕೆಯ ಪ್ಲಾನ್ ಬರೆಯುವುದು, ಔಷಧಿ ಕೊಡುವುದು, ಮುಂದಿನವರಿಗೆ ಹ್ಯಾಂಡೋವರ್ ಮಾಡುವುದು. ನಾಲ್ಕು ಕೈಕೆಲಸ, ಅಂದರೆ ಇಂಜೆಕ್ಷನ್, ಡ್ರೆಸಿಂಗ್ ಥರದ್ದು. ಇನ್ನೆರಡು ಸುಮ್ಮನೆ ಕೂತು ಬರೆಯುವುದು. ಕೇಳಿದಾಗ ನಕ್ಕಿದ್ದೆ. ಜಿಎನ್‌ಎಂ ಮುಗಿಸಿ ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಟು ವರ್ಷ ಕೆಲಸ ಮಾಡಿದವಳು ನಾನು. ಪಾವಗಡ, ಮಧುಗಿರಿ, ಶಿರಾ ಕಡೆಯ ಪೇಷೆಂಟ್‌ಗಳು. ನೈಟ್ ಡ್ಯೂಟಿಯಲ್ಲಿ ಒಬ್ಬಳಿಗೆ 25 ಬೆಡ್. ನರ ಸಿಗದ ಎಳೆ ಮಕ್ಕಳಿಗೆ ಐವಿ ಹಾಕಲು ಬೇರೆ ಫ್ಲೋರಿನಿಂದಲೂ ನನ್ನನ್ನೇ ಕರೆಯುತ್ತಿದ್ದರು.

ಆದರೆ ಆ ಎಂಟು ವರ್ಷದಲ್ಲಿ ಒಬ್ಬ ಪೇಷೆಂಟ್‌ಗಾದರೂ ನನ್ನ ಹೆಸರು ಹೇಳಿದ ನೆನಪಿಲ್ಲ. "ಕೈ ಚಾಚಿ, ಮುಷ್ಟಿ ಹಿಡೀರಿ, ಆಯ್ತು." ಇಷ್ಟೇ ನನ್ನ ಮಾತು. 25 ಬೆಡ್‌ಗೆ ಅದೇ ಜಾಸ್ತಿ.

ಓಸ್ಕಿಯಲ್ಲಿ ಕೈ ಮಾಡಿದ್ದನ್ನೆಲ್ಲ ಬಾಯಿ ಹೇಳಬೇಕು. ಬಾಗಿಲ ಹತ್ತಿರವೇ ಕೈ ತೊಳೆದುಕೊಂಡೆ ಅನ್ನಬೇಕು. ಹೆಸರು ಹೇಳಬೇಕು, ಅವರದು ಕೇಳಬೇಕು. ಮುಟ್ಟಬಹುದಾ ಅಂತ ಕೇಳಬೇಕು. ಬಿಪಿ, ನಾಡಿ, ಉಸಿರು, ಜ್ವರ, ಆಕ್ಸಿಜನ್ ಎಷ್ಟಿದೆ, ಹೊರಗಿನಿಂದ ಆಕ್ಸಿಜನ್ ಕೊಡ್ತಿದ್ದೀವಾ, ಎಚ್ಚರ ಹೇಗಿದೆ, ಈ ಏಳನ್ನೂ ನೋಡಿ ನ್ಯೂಸ್2 ಅನ್ನುವ ಚಾರ್ಟಿನಲ್ಲಿ ಅಂಕ ಕೂಡಿಸಬೇಕು. ಒಟ್ಟು 5 ಆದರೆ ಡಾಕ್ಟರಿಗೆ ತಕ್ಷಣ ಹೇಳಬೇಕು, 7 ಅಥವಾ ಅದಕ್ಕಿಂತ ಜಾಸ್ತಿ ಆದರೆ ಎಮರ್ಜೆನ್ಸಿ. ಮೊಣಕೈ ಕೆಳಗೆ ಏನೂ ಇರಬಾರದು. ವಾಚಿಲ್ಲ, ಬಳೆ ಇಲ್ಲ, ಬೇಕಾದರೆ ಕಲ್ಲಿಲ್ಲದ ಒಂದು ಉಂಗುರ. ನಾನು ಬಳೆ ತೆಗೆದು ಪ್ರಾಕ್ಟೀಸ್ ಶುರು ಮಾಡಿದ ದಿನ ಅತ್ತೆ ಎದ್ದು ಕೂತರು. "ಬರಿಗೈಲಿ ನನ್ನ ಮುಟ್ಬೇಡ" ಅಂದರು. ಒಂದು ವಾರ ಒಪ್ಪಲಿಲ್ಲ. ಆಮೇಲೆ, ಮನೆಯೊಳಗೆ ಮಾತ್ರ, ಅದೂ ಶುಕ್ರವಾರ ಬಿಟ್ಟು, ಅಂತ ರಾಜಿಯಾಯಿತು.

ಅಲ್ಲಿಗೆ ಹೋಗಿ ಮೂರು ತಿಂಗಳೊಳಗೆ ಪರೀಕ್ಷೆ. ನಮ್ಮೂರಲ್ಲಿ ಎಲ್ಲರೂ ನಾನು ಲಂಡನ್‌ನಲ್ಲಿದ್ದೀನಿ ಅಂತಾರೆ. ನಾನಿರುವುದು ನ್ಯೂಕಾಸಲ್ ಹತ್ತಿರ, ಲಂಡನ್‌ನಿಂದ ರೈಲಿನಲ್ಲೇ ಮೂರು ಗಂಟೆ. ಅಲ್ಲಿನ ಅಜ್ಜಂದಿರು ಯಾರನ್ನೇ ಆಗಲಿ 'ಪೆಟ್' ಅಂತ ಕರೆಯುತ್ತಾರೆ. ಮೊದಲ ವಾರ ಬೇಜಾರಾಗಿತ್ತು, ನನ್ನನ್ನೇನು ನಾಯಿಮರಿ ಅಂದುಕೊಂಡರಾ ಅಂತ. ನಮ್ಮ ಕಡೆ 'ಮಗಾ' ಅನ್ನುವ ಹಾಗೆ ಅದು.

ಪರೀಕ್ಷೆಯಲ್ಲಿ ಏನು ಬಂತು ಅಂತ ಹೊರಗೆ ಹೇಳುವ ಹಾಗಿಲ್ಲ. ಫೇಲ್ ಆದೆ ಅಂತ ಹೇಳಬಹುದು. ಒಂಬತ್ತು ಸ್ಟೇಷನ್ ಪಾಸ್, ಔಷಧಿ ಕೊಡುವುದು ಒಂದೇ ಹೋಯಿತು. ಮಾತ್ರೆ ತಪ್ಪು ಕೊಟ್ಟೆನಾ? ಇಲ್ಲ. ಪೇಷೆಂಟ್‌ನ ಹೆಸರು, ಹುಟ್ಟಿದ ತಾರೀಖು ಇರುವ ಕೈಪಟ್ಟಿ ನೋಡಿದೆ, ಚಾರ್ಟ್ ನೋಡಿದೆ, ಎರಡೂ ತಾಳೆಯಾಯಿತು, ಮನಸ್ಸಿನಲ್ಲೇ ಸರಿ ಅಂದುಕೊಂಡು ಕೊಟ್ಟೆ. ಅಲರ್ಜಿ ಇದೆಯಾ ಅಂತ ಬಾಯಿಬಿಟ್ಟು ಕೇಳಲಿಲ್ಲ. ಎಂಟು ವರ್ಷದ ಅಭ್ಯಾಸ ಅದು, ಕಣ್ಣಲ್ಲೇ ಕೆಲಸ ಮುಗಿಸುವುದು. ಎದುರಿಗೆ ಕೂತವರು ನನ್ನ ಮನಸ್ಸಿಗೆ ಹೇಗೆ ಮಾರ್ಕ್ಸ್ ಹಾಕುತ್ತಾರೆ? ಕಂಡಿದ್ದಕ್ಕೆ, ಕೇಳಿಸಿದ್ದಕ್ಕೆ ಹಾಕುತ್ತಾರೆ. ಪೂರ್ತಿ ಪರೀಕ್ಷೆಗೆ 794 ಪೌಂಡ್, ಅದನ್ನು ಆಸ್ಪತ್ರೆ ಕಟ್ಟಿತ್ತು. ಏಳು ಅಥವಾ ಅದಕ್ಕಿಂತ ಕಡಿಮೆ ಸ್ಟೇಷನ್ ಹೋದರೆ ಅಷ್ಟನ್ನೇ ಮತ್ತೆ ಮಾಡಬಹುದು, 397 ಪೌಂಡ್. ಅದು ನನ್ನ ಜೇಬಿನಿಂದ. ಒಂದು ಪ್ರಶ್ನೆ ಕೇಳದೇ ಇದ್ದಿದ್ದಕ್ಕೆ ಸುಮಾರು ನಲವತ್ತು ಸಾವಿರ ರೂಪಾಯಿ. ರಾತ್ರಿ ಫೋನ್ ಮಾಡಿ ಅತ್ತಾಗ ಅತ್ತೆ, "ನನ್ನ ಕೇಳ್ತಿದ್ಯಲ್ಲೇ ದಿನಾ, ಅಲ್ಲಿ ಯಾಕೆ ಬಾಯಿಗೆ ಬೀಗ ಹಾಕ್ಕೊಂಡೆ?" ಅಂದರು. ಸಮಾಧಾನ ಮಾಡುವ ಅಭ್ಯಾಸ ಅವರಿಗಿಲ್ಲ.

ಹೆಸರು ಹೇಳುವುದು ಸುಮ್ನೆ ನಾಟಕ ಅಂತಲೇ ನನಗೆ ಅಲ್ಲಿಯವರೆಗೂ ಅನ್ನಿಸಿತ್ತು. ಆಮೇಲೆ ಕೇಟ್ ಗ್ರೇಂಜರ್ ಅನ್ನುವ ಡಾಕ್ಟರ್ ಬಗ್ಗೆ ಓದಿದೆ. ಕ್ಯಾನ್ಸರ್ ಬಂದು ತಾವೇ ಆಸ್ಪತ್ರೆಯಲ್ಲಿ ಮಲಗಿದಾಗ, ಬಂದು ಹೋಗುವ ಎಷ್ಟೋ ಜನ ತಾವು ಯಾರು ಅಂತಲೇ ಹೇಳುವುದಿಲ್ಲ ಅನ್ನುವುದನ್ನು ಅವರು ಗಮನಿಸಿದರು. 2013ರಲ್ಲಿ 'ಹಲೋ ಮೈ ನೇಮ್ ಈಸ್' ಅಂತ ಶುರು ಮಾಡಿದರು. 2016ರಲ್ಲಿ ತೀರಿಕೊಂಡರು. ಎದೆಯ ಮೇಲೆ ಆ ಮಾತಿನ ಬ್ಯಾಡ್ಜ್ ಹಾಕಿಕೊಂಡವರು ನಮ್ಮ ವಾರ್ಡಿನಲ್ಲೂ ಇದ್ದಾರೆ. ನನ್ನ ಬ್ಯಾಡ್ಜ್‌ನಲ್ಲಿ ಊರು, ಅಪ್ಪ ಇಬ್ಬರಿಗೂ ಜಾಗ ಸಾಲದೆ ಬರೀ ನನ್ನ ಹೆಸರಿದೆ. ಹುಟ್ಟಿದ ಮೇಲೆ ಮೊದಲ ಸಲ.

ಎರಡನೇ ಸಲ ಪಾಸ್. ಪಿನ್ ಬಂತು, ಸಂಬಳದ ದರ್ಜೆ ಬ್ಯಾಂಡ್ 3 ಹೋಗಿ ಬ್ಯಾಂಡ್ 5 ಆಯಿತು, ಯೂನಿಫಾರ್ಮ್ ಬಣ್ಣ ಬದಲಾಯಿತು. ಐವಿ ಮಾತ್ರ ಹಾಕುವ ಹಾಗಿರಲಿಲ್ಲ. ಅವರ ಟ್ರೈನಿಂಗ್ ಮುಗಿಸಿ, ಇನ್ನೊಬ್ಬರ ಮುಂದೆ ಹಾಕಿ ತೋರಿಸಿ, ಸೈನ್ ಆದ ಮೇಲೆಯೇ. ಪ್ಲಾಸ್ಟಿಕ್ ಕೈಗೆ ಸೂಜಿ ಚುಚ್ಚುತ್ತಾ ಕೂತಾಗ ಪಾವಗಡದ ಮಕ್ಕಳು ನೆನಪಾದರು. ನಗುವೂ ಬಂತು, ಸಿಟ್ಟೂ ಬಂತು.

ಈಗ ರಜಕ್ಕೆ ತುಮಕೂರಿಗೆ ಬಂದಿದ್ದೇನೆ. ನಮ್ಮ ಬೀದಿಯ ಇಬ್ಬರು ಹುಡುಗಿಯರು ಓಸ್ಕಿಗೆ ತಯಾರಾಗುತ್ತಿದ್ದಾರೆ, ಭಾನುವಾರ ಬೆಳಿಗ್ಗೆ ಅತ್ತೆಯ ಹತ್ತಿರ ಬರುತ್ತಾರೆ. ಅತ್ತೆಗೆ ಈಗ ಪೂರ್ತಿ ಬಾಯಿಪಾಠ. ಮಲಗಿದ ಜಾಗದಿಂದಲೇ "ಕೈ ತೊಳ್ಕೊಂಡ್ಯಾ? ತೊಳ್ಕೊಂಡ್ರೆ ಹೇಳಬೇಕು ಕಣಮ್ಮ" ಅನ್ನುತ್ತಾರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಂದುಕೊಟ್ಟರಷ್ಟೇ ಪೇಷೆಂಟ್ ಆಗುತ್ತಾರೆ, ಬರಿಗೈಲಿ ಬಂದವರಿಗೆ ಜ್ವರ ಬಿಟ್ಟುಹೋಗಿರುತ್ತದೆ.

ಹೋದ ವಾರ ಒಬ್ಬಳು ಅಡುಗೆಮನೆಗೆ ಬಂದಳು. "ಅಕ್ಕಾ, ಅಜ್ಜಿ ಒಂದೊಂದು ಸಲ ಒಂದೊಂದು ತಾರೀಖು ಹೇಳ್ತಾರೆ. ಒಂದ್ಸಲ ಆಧಾರ್‌ದು, ಒಂದ್ಸಲ ರಾಗಿ ಕಣದ್ದು. ಕೈಪಟ್ಟಿಲಿ ಬೇರೆನೇ ಬರ್ದಿದೀನಿ. ಏನ್ ಮಾಡ್ಲಿ?"

"ಹಾಗಾದ್ರೆ ಮಾತ್ರೆ ಕೊಡೋ ಹಾಗಿಲ್ಲ" ಅಂದೆ.