ತಕ್ಕಡಿಯ ಪೋರ್ಟ್ ಒಬ್ಬರಿಗೇ ಸಿಗಬೇಕು

18 ನವೆಂಬರ್ 2024, ಸೋಮವಾರ

ಅಡಿಕೆ ಮಂಡಿಯಿಂದ ಬೆಳಿಗ್ಗೆ ಫೋನ್. ತಕ್ಕಡಿಯ ಮೇಲೆ 42.65 ಕೆಜಿ, ಬಿಲ್ಲಿಂಗ್ ಪರದೆಯಲ್ಲಿ 4.5! ಸದ್ಯ, ಚೀಟಿ ಬರೆಯುವ ಮೊದಲೇ ಗುಮಾಸ್ತರ ಕಣ್ಣಿಗೆ ಬಿತ್ತು. ಬೆಳೆಗಾರರ ವರ್ಷದ ದುಡಿಮೆ ಇದು, ಅಂಕಿ ಹೀಗೆ ನುಂಗಿಹೋದರೆ ಹೇಗೆ?

ತಕ್ಕಡಿ ಸರಿಯಾಗಿಯೇ ಇತ್ತು. ಯಾವ ಪ್ರೋಗ್ರಾಂ ಏನನ್ನು ತೆರೆದುಕೊಂಡಿದೆ ಅಂತ ಹೇಳುವ ಎಫ್‌ಯೂಸರ್ ಕಮಾಂಡ್ ಕೊಟ್ಟು ನೋಡಿದರೆ, ತಕ್ಕಡಿಯಿಂದ ಕಂಪ್ಯೂಟರಿಗೆ ತೂಕ ಬರುವ ಸೀರಿಯಲ್ ಪೋರ್ಟನ್ನು ಎರಡು ಪ್ರೋಗ್ರಾಂ ತೆರೆದುಕೊಂಡಿದ್ದವು. ಒಂದು ಬಿಲ್ಲಿಂಗ್, ಇನ್ನೊಂದು ರಿಪೇರಿಗೆ ಬಂದವರು ಹಾಗೇ ಬಿಟ್ಟುಹೋದ ಟರ್ಮಿನಲ್ ಪ್ರೋಗ್ರಾಂ. ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಾನಾಗಿ ಇದನ್ನು ತಡೆಯುವುದಿಲ್ಲ. ಬಂದ ಪ್ರತಿ ಬೈಟ್, ಅಂದರೆ ಇಲ್ಲಿ ಒಂದೊಂದು ಅಕ್ಷರ, ಇಬ್ಬರಲ್ಲಿ ಒಬ್ಬರಿಗೆ ಮಾತ್ರ. 4, ಚುಕ್ಕಿ, 5 ಇತ್ತ ಬಂದವು. 2 ಮತ್ತು 6 ಅತ್ತ ಹೋದವು.

ಹಳೇ ಪದ್ಧತಿ ಅಂದರೆ ಲಾಕ್ ಫೈಲ್. ಪೋರ್ಟ್ ತೆರೆದ ಪ್ರೋಗ್ರಾಂ ತನ್ನ ಪ್ರೊಸೆಸ್ ನಂಬರನ್ನು (ಓಡುವ ಪ್ರತಿ ಪ್ರೋಗ್ರಾಂಗೆ ಸಿಗುವ ಸಂಖ್ಯೆ) ಒಂದು ಫೈಲಿನಲ್ಲಿ ಬರೆದಿಡುತ್ತದೆ. ಪ್ರೋಗ್ರಾಂ ಅರ್ಧಕ್ಕೆ ಸತ್ತರೆ ಫೈಲ್ ಅಲ್ಲೇ ಉಳಿಯುತ್ತದೆ. ಅದೇ ನಂಬರ್ ಮುಂದೆ ಬೇರೆ ಪ್ರೊಸೆಸ್‌ಗೆ ಸಿಕ್ಕರಂತೂ ಲಾಕ್ ಇನ್ನೂ ಜೀವಂತ ಅನ್ನಿಸುತ್ತದೆ. ನನಗೆ ಇದು ಒಪ್ಪುವುದಿಲ್ಲ. ಬೀಗ ಲಿನಕ್ಸಿನ ತಿರುಳಾದ ಕರ್ನಲ್ ಕೈಯಲ್ಲೇ ಇರಬೇಕು.

ಅದಕ್ಕೆ ಎಫ್‌ಲಾಕ್ ಅನ್ನೋ ಬೀಗ ಇದೆ. ಪ್ರೋಗ್ರಾಂ ಹೇಗೇ ಸತ್ತರೂ ಕರ್ನಲ್ ಅದನ್ನು ಬಿಡಿಸುತ್ತದೆ. ಆದರೆ ಇದು ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಮರ್ಯಾದೆ ಕೊಡುವವರಿಗಷ್ಟೇ ಲೆಕ್ಕ. ಎಫ್‌ಲಾಕ್ ಕೇಳದ ಪ್ರೋಗ್ರಾಂ ನೇರ ಬಂದು ಓದುತ್ತದೆ. ಹಾಗಾಗಿ ಜೊತೆಗೆ ಟಿಐಒಸಿಇಎಕ್ಸ್‌ಸಿಎಲ್ ಅನ್ನೋ ಐಯೋಕಂಟ್ರೋಲ್ ಕರೆಯೂ (ಪೋರ್ಟಿನ ಬಗ್ಗೆ ಕರ್ನಲ್‌ಗೆ ಕೊಡುವ ಆದೇಶ) ಬೇಕು. ಇದಾದ ಮೇಲೆ ಯಾರು ಪೋರ್ಟ್ ತೆರೆಯಲು ಹೋದರೂ ‘ಬಿಜಿ’ ಅಂತ ಕರ್ನಲ್ಲೇ ವಾಪಸ್ ಕಳಿಸುತ್ತದೆ. ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೆ ಮಾತ್ರ ವಿನಾಯಿತಿ, ಅದಕ್ಕೇ ಬಿಲ್ಲಿಂಗ್ ಯಂತ್ರದಲ್ಲಿ ಯಾವುದನ್ನೂ ಸುಮ್ನೆ ರೂಟ್ ಆಗಿ ಓಡಿಸಬಾರದು.

ಇನ್ನೊಂದು ಸೂಕ್ಷ್ಮ: ಮೊದಲೇ ತೆರೆದುಕೊಂಡವರನ್ನು ಈ ಕರೆ ಹೊರಹಾಕುವುದಿಲ್ಲ. ತೆರೆಯುವುದಕ್ಕೂ ಈ ಕರೆಗೂ ನಡುವಿನ ಕ್ಷಣದಲ್ಲಿ ಇನ್ನೊಬ್ಬರು ನುಸುಳಲೂಬಹುದು. ಆದ್ದರಿಂದ ತೆರೆದು, ಎಫ್‌ಲಾಕ್ ಹಿಡಿದು, ಈ ಕರೆಯಿಂದ ಎಕ್ಸ್‌ಕ್ಲೂಸಿವ್ (ಒಬ್ಬರಿಗೇ ಮೀಸಲು) ಮಾಡಿ, ಆಮೇಲೆ ಬೇರೆ ಯಾರಾದರೂ ಒಳಗಿದ್ದಾರಾ ಅಂತ ನೋಡಿಯೇ ಓದಲು ಶುರು ಮಾಡುವ ಹಾಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದೆ. ಬಲವಂತವಾಗಿ ನಿಲ್ಲಿಸುವ ‘ಕಿಲ್ 9’ ಕೊಟ್ಟು ಅದನ್ನು ಕೊಂದು ಮತ್ತೆ ಓಡಿಸಿದೆ, ಪೋರ್ಟ್ ತಕ್ಷಣ ಸಿಕ್ಕಿತು.

ಪೋರ್ಟ್ ಸಿಗದಿದ್ದರೆ ಈಗ ತೂಕದ ಜಾಗ ಖಾಲಿ ಇರುತ್ತದೆ, ಬಿಲ್ ಆಗುವುದಿಲ್ಲ. ‘ತಕ್ಕಡಿಯನ್ನು ಬೇರೆ ಪ್ರೋಗ್ರಾಂ ಹಿಡಿದುಕೊಂಡಿದೆ’ ಅಂತ ಅದರ ಹೆಸರಿನ ಸಮೇತ ಕನ್ನಡದಲ್ಲೇ ತೋರಿಸುತ್ತದೆ. ಗುಮಾಸ್ತರು ಅದನ್ನು ಮುಚ್ಚಿ ಮುಂದುವರಿಯಬಹುದು.