ಹಲ್ಲಿನ ಕ್ಲಿಪ್ ಕಂಡುಹಿಡಿದವರು ಯಾರು?

ವಕ್ರದಂತ ಚಿಕಿತ್ಸೆ ನನ್ನ ವೃತ್ತಿ. ಮೊಮ್ಮಕ್ಕಳನ್ನು ಕರೆತರುವ ಅಜ್ಜಂದಿರು, ಕುರ್ಚಿಯಲ್ಲಿ ಬಾಯಿ ತೆರೆದು ಬೇಸತ್ತ ಕಾಲೇಜು ಹುಡುಗರು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ಕ್ಲಿಪ್ಪನ್ನು ಮೊದಲು ಕಂಡುಹಿಡಿದ ಪುಣ್ಯಾತ್ಮ ಯಾರು? ‘ಪುಣ್ಯಾತ್ಮ’ ಎನ್ನುವಾಗಿನ ದನಿಯಲ್ಲೇ ಅದು ಹೊಗಳಿಕೆಯಲ್ಲವೆಂದು ತಿಳಿಯುತ್ತದೆ.

ಪಠ್ಯಪುಸ್ತಕಗಳು ಕೊಡುವ ಹೆಸರುಗಳು ಎರಡು: ಫ್ರಾನ್ಸಿನ ಪಿಯರ್ ಫೋಶಾರ್, ಅಮೆರಿಕದ ಎಡ್ವರ್ಡ್ ಆಂಗಲ್. ನನ್ನ ಓಟು ಇಬ್ಬರಿಗೂ ಇಲ್ಲ.

ಮೊದಲು ಸ್ವಲ್ಪ ಕಸ ಗುಡಿಸುತ್ತೇನೆ. ಈಜಿಪ್ಟಿನ ಮಮ್ಮಿಗಳ ಹಲ್ಲುಗಳಿಗೆ ಲೋಹದ ಪಟ್ಟಿ ಹಾಕಿ, ಪ್ರಾಣಿಯ ಕರುಳಿನ ದಾರದಿಂದ ಬಿಗಿದು ಸರಿಪಡಿಸುತ್ತಿದ್ದರು ಎಂಬ ಕಥೆ ಅಂತರ್ಜಾಲದ ತುಂಬ ಓಡಾಡುತ್ತಿದೆ. ಅದಕ್ಕೆ ನಂಬುವಂಥ ಪುರಾವೆ ಇಲ್ಲ. ಇಟಲಿಯ ಎಟ್ರುಸ್ಕನ್ ಸಮಾಧಿಗಳಲ್ಲಿ ಸಿಕ್ಕಿದ ಚಿನ್ನದ ಪಟ್ಟಿಗಳು ನಿಜ, ನೋಡಲು ಬಲು ಅಂದ. ಆದರೆ ಅವು ಹಲ್ಲನ್ನು ಸರಿಸಲು ಮಾಡಿದವಲ್ಲ. ಬಿದ್ದ ಹಲ್ಲಿನ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ನಿಲ್ಲಿಸಲು ಮಾಡಿದವು. ಹಲ್ಲು ಸರಿಸುವ ಬಗ್ಗೆ ನಾನು ನಂಬುವ ಅತ್ಯಂತ ಹಳೆಯ ಮಾತು ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್‌ನದು. ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಮೂಡಿದರೆ ಹಳೆಯದನ್ನು ಕಿತ್ತು, ಹೊಸದನ್ನು ದಿನವೂ ಬೆರಳಿನಿಂದ ಅದರ ಜಾಗಕ್ಕೆ ಒತ್ತಬೇಕು ಎಂದು ಅವನು ಬರೆದ. ಸಾಧನ ಬೆರಳು, ಖರ್ಚು ಸೊನ್ನೆ. ಆಗತಾನೇ ಮೂಡುತ್ತಿರುವ ಹಲ್ಲಿಗೆ ಇದು ತಕ್ಕಮಟ್ಟಿಗೆ ಕೆಲಸವನ್ನೂ ಮಾಡುತ್ತದೆ.

ಬೆರಳೇ ಸಾಕಿದ್ದರೆ ಮುಂದಿನ ಎರಡು ಸಾವಿರ ವರ್ಷ ಜನ ಏಕೆ ತಿಣುಕಾಡಿದರು? ಹಲ್ಲನ್ನು ತಳ್ಳುವುದು ಎಂದೂ ದೊಡ್ಡ ಸಮಸ್ಯೆಯಾಗಿರಲಿಲ್ಲ. ಹಿಡಿದುಕೊಳ್ಳುವುದೇ ಕಷ್ಟ. ಹಲ್ಲು ಸದಾ ಒದ್ದೆ, ನುಣುಪು, ಬದಿಗಳಲ್ಲಿ ಉಬ್ಬು. ಅದರ ಹೊರಪದರವಾದ ಎನಾಮೆಲ್ ದೇಹದಲ್ಲೇ ಅತಿ ಗಟ್ಟಿ ವಸ್ತು. ಅದಕ್ಕೆ ದಾರ ಕಟ್ಟುವುದು ಒದ್ದೆ ಸೋಪಿಗೆ ದಾರ ಕಟ್ಟಿದಂತೆ: ಒಂದೋ ಜಾರಿ ಹೊರಬರುತ್ತದೆ, ಇಲ್ಲವೇ ಕೆಳಗೆ ಸರಿದು ವಸಡನ್ನು ಕೊಯ್ಯುತ್ತದೆ.

ಫೋಶಾರ್ ಮಾಡಿದ್ದು ಅದನ್ನೇ. 1728ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಅವನ ಎರಡು ಸಂಪುಟಗಳ ಗ್ರಂಥದಿಂದಲೇ ಆಧುನಿಕ ದಂತವೈದ್ಯ ಶುರುವಾಯಿತು ಎನ್ನುತ್ತಾರೆ, ಅದರಲ್ಲಿ ಅತಿಶಯೋಕ್ತಿಯೇನಿಲ್ಲ. ಚಿನ್ನದ ಅಥವಾ ಬೆಳ್ಳಿಯ ಒಂದು ಪಟ್ಟಿಯನ್ನು ಹಲ್ಲುಸಾಲಿನ ಆಕಾರಕ್ಕೆ ಬಗ್ಗಿಸಿ, ತೂತು ಕೊರೆದು, ದಾರದಿಂದ ಹಲ್ಲುಗಳನ್ನು ಅದಕ್ಕೆ ಬಿಗಿಯುತ್ತಿದ್ದ. ಒಳಗೆ ಸರಿದ ಹಲ್ಲು ನಿಧಾನವಾಗಿ ಪಟ್ಟಿಯ ಕಡೆಗೆ ಬರುತ್ತಿತ್ತು. ಅಷ್ಟು ಕಾಯುವ ತಾಳ್ಮೆ ಇಲ್ಲದಿದ್ದರೆ ‘ಪೆಲಿಕನ್’ ಎಂಬ ಇಕ್ಕಳದಿಂದ ಹಲ್ಲನ್ನು ಅಲುಗಿಸಿ, ಒಂದೇ ಸಲಕ್ಕೆ ನೇರ ನಿಲ್ಲಿಸಿ, ಪಕ್ಕದ ಹಲ್ಲುಗಳಿಗೆ ಕಟ್ಟಿಬಿಡುತ್ತಿದ್ದ. ಅರಿವಳಿಕೆ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಬಾಕಿ ಇತ್ತು. ತಂತಿ ಬಿಗಿಸಿದ ಸಂಜೆ ಊಟ ಸೇರುವುದಿಲ್ಲ ಎನ್ನುವವರಿಗೆ ನಾನು ಈ ಇಕ್ಕಳದ ಚಿತ್ರ ತೋರಿಸುವುದುಂಟು.

ಆಮೇಲಿನ ಚರಿತ್ರೆಯೆಲ್ಲ ಹಿಡಿತದ ಚರಿತ್ರೆ. 1841ರ ಸುಮಾರಿಗೆ ಫ್ರಾನ್ಸಿನ ಶಾಂಜೆ ಎಂಬವನು ತಿರುಪಿನಿಂದ ಬಿಗಿಯಬಹುದಾದ ಪಟ್ಟಿಯನ್ನು ಹಲ್ಲಿಗೆ ಸುತ್ತಿದ. 1871ರಲ್ಲಿ ಅಮೆರಿಕದ ಮೆಗಿಲ್ ಲೋಹದ ಬ್ಯಾಂಡನ್ನು ಸಿಮೆಂಟ್ ಹಾಕಿ ಅಂಟಿಸಿದ. ನಡುವೆ ಗುಡ್‌ಇಯರ್ ರಬ್ಬರನ್ನು ಪಳಗಿಸಿದ್ದರಿಂದ ಎಳೆಯುವ ಬಲ ಅಗ್ಗವಾಯಿತು. ಮೇಲಿನ ದವಡೆಯಿಂದ ಕೆಳಗಿನದಕ್ಕೆ ರಬ್ಬರ್ ಬ್ಯಾಂಡ್ ಕಟ್ಟುವ, ಇಂದಿನ ಮಕ್ಕಳು ಮರೆತೆ ಎಂದು ಸುಳ್ಳು ಹೇಳುವ ಆ ಕ್ರಮ 1890ರ ದಶಕದಲ್ಲಿ ಬೇಕರ್ ಹೆಸರಿನಲ್ಲಿ ಹಬ್ಬಿತು.

ಆಂಗಲ್ ಬಂದದ್ದು ಆಗ. ವಕ್ರತೆಯನ್ನು ಮೊದಲ ದವಡೆಹಲ್ಲುಗಳ ಹೊಂದಾಣಿಕೆಯ ಮೇಲೆ ಮೂರು ವರ್ಗಗಳಾಗಿ ಅವನು ವಿಂಗಡಿಸಿದ್ದು 1899ರಲ್ಲಿ. ನಾವು ಇಂದೂ ರೋಗಿಯ ಕಾರ್ಡಿನಲ್ಲಿ ಅದನ್ನೇ ಬರೆಯುತ್ತೇವೆ. 1900ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಈ ವಿದ್ಯೆಗೆಂದೇ ಶಾಲೆ ತೆರೆದ. ಒಂದು ಸಾಧನದ ಕೊರತೆ ಕಂಡೊಡನೆ ಅದನ್ನು ಬಿಟ್ಟು ಇನ್ನೊಂದಕ್ಕೆ ಕೈಹಾಕುತ್ತಿದ್ದ ಅವನು 1928ರಲ್ಲಿ ಪ್ರಕಟಿಸಿದ ಕೊನೆಯದೇ ಎಡ್ಜ್‌ವೈಸ್ ಬ್ರಾಕೆಟ್. ಬ್ರಾಕೆಟ್ ಎಂದರೆ ಹಲ್ಲಿನ ಮೇಲೆ ಕೂತು ತಂತಿಯನ್ನು ಹಿಡಿಯುವ ಪುಟ್ಟ ತುಂಡು. ಇದರ ಗುಟ್ಟು ಚಿಕ್ಕದು. ದುಂಡು ತಂತಿ ದುಂಡು ತೂತಿನಲ್ಲಿ ತಿರುಗಿಬಿಡುವುದರಿಂದ ಹಲ್ಲಿನ ತಲೆ ವಾಲುತ್ತದೆ, ಬೇರು ಹಿಂದೆಯೇ ಉಳಿಯುತ್ತದೆ. ಆಯತಾಕಾರದ ಸೀಳಿನಲ್ಲಿ ಆಯತಾಕಾರದ ತಂತಿ ಕೂತರೆ ಅದು ತಿರುಗದು. ತಂತಿಯನ್ನು ತಿರುಚಿದರೆ ಬೇರೂ ಜೊತೆಗೆ ತಿರುಗುತ್ತದೆ. ಸೀಳಿನ ಅಳತೆ 0.022 ಇಂಚು ಎತ್ತರ, 0.028 ಇಂಚು ಆಳ. ಆ 0.022 ಇಂದಿನ ಬ್ರಾಕೆಟ್‌ಗಳಲ್ಲೂ ಹಾಗೆಯೇ ಇದೆ.

ಅಷ್ಟು ದೊಡ್ಡ ಮನುಷ್ಯನಿಗೆ ಒಂದು ಹಟವೂ ಇತ್ತು. ದೇವರು ಕೊಟ್ಟ ಹಲ್ಲನ್ನು ಜಾಗ ಮಾಡಲೆಂದು ಕೀಳಕೂಡದು. ಅವನ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ಮಾತಿನಂತೆಯೇ ಚಿಕಿತ್ಸೆ ಮಾಡಿ, ಹಲ್ಲುಗಳು ಮತ್ತೆ ಉಬ್ಬುವುದನ್ನು ಕಂಡು, ಕೆಲವರಿಗೆ ಕಿರುದವಡೆ ಹಲ್ಲುಗಳನ್ನು ಕಿತ್ತು ಮರುಚಿಕಿತ್ಸೆ ಕೊಟ್ಟ. ಅಂಥ ನೂರು ರೋಗಿಗಳ ದಾಖಲೆಯನ್ನು 1940ರಲ್ಲಿ ಸಹವೃತ್ತಿಯವರ ಮುಂದಿಟ್ಟ. ಇನ್ನೊಬ್ಬ ಶಿಷ್ಯ, ಆಸ್ಟ್ರೇಲಿಯಾದ ರೇಮಂಡ್ ಬೆಗ್, ತಂತಿಯನ್ನೇ ಬದಲಿಸಿದ: ಆರ್ಥರ್ ವಿಲ್ಕಾಕ್ ಎಂಬ ಲೋಹತಜ್ಞ ತಯಾರಿಸಿದ ತೆಳು, ಗಟ್ಟಿ ಸ್ಟೇನ್‌ಲೆಸ್ ಸ್ಟೀಲ್ ತಂತಿಯಿಂದ ಹಗುರವಾದ ಬಲ ಕೊಟ್ಟ. ಅದುವರೆಗೆ ಈ ಚಿಕಿತ್ಸೆ ಚಿನ್ನದ ಮಿಶ್ರಲೋಹಗಳನ್ನು ನೆಚ್ಚಿಕೊಂಡಿತ್ತು; ಸ್ಟೀಲ್ ಬಂದ ಮೇಲೆ ಸಾಮಾನ್ಯರ ಕೈಗೂ ಎಟುಕತೊಡಗಿತು. ನಮ್ಮ ದೇಶದ ದಂತವೈದ್ಯ ಕಾಲೇಜುಗಳಲ್ಲಿ ಬೆಗ್ ವಿಧಾನ ದಶಕಗಳ ಕಾಲ ಮನೆಮಾತಾಗಿತ್ತು.

ಆದರೂ ಹಿಡಿತ ಇನ್ನೂ ಒಡ್ಡೊಡ್ಡಾಗಿಯೇ ಇತ್ತು. ಬ್ರಾಕೆಟ್ ಕೂರಬೇಕಾದರೆ ಪ್ರತಿ ಹಲ್ಲಿಗೂ ಉಂಗುರದಂಥ ಬ್ಯಾಂಡ್ ಬೇಕು. ಅದನ್ನು ತೂರಿಸಲು ಹಲ್ಲುಗಳ ಸಂದಿಯನ್ನು ಕೆಲವು ದಿನ ಮೊದಲೇ ಅಗಲಿಸಬೇಕು. ಪಟ್ಟಿಯನ್ನು ಹಲ್ಲಿಗೆ ಸುತ್ತಿ, ಹಿಂಡಿ, ಬೆಸೆದು, ಸಿಮೆಂಟ್ ಹಾಕಿ ಕೂರಿಸಬೇಕು. ಸಿಮೆಂಟ್ ಎಲ್ಲಿಯಾದರೂ ಸವೆದರೆ ಕಾಣದ ಹಾಗೆ ಒಳಗೇ ಹುಳುಕು. ಎಲ್ಲ ಮುಗಿದು ಬ್ಯಾಂಡ್ ತೆಗೆದರೆ ಹಲ್ಲು ಹಲ್ಲಿನ ನಡುವೆ ಬ್ಯಾಂಡಿನ ದಪ್ಪದಷ್ಟು ಸಂದಿ, ಅದನ್ನು ಮುಚ್ಚಲು ಮತ್ತೊಂದು ಸಾಧನ. ಹಳೆಯ ಫೋಟೋಗಳಲ್ಲಿ ಬಾಯಿ ತುಂಬ ಲೋಹ ಕಾಣುವುದು ಇದರಿಂದ.

ಈಗ ನನ್ನ ಅಭ್ಯರ್ಥಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದ ಮೈಕೆಲ್ ಬ್ಯುನೊಕೋರ್ ಕ್ಲಿಪ್ ಬಗ್ಗೆ ಯೋಚಿಸುತ್ತಿರಲಿಲ್ಲ, ಹಲ್ಲಿಗೆ ತುಂಬಿದ ವಸ್ತು ಉದುರದಿರುವುದು ಹೇಗೆ ಎಂದು ಯೋಚಿಸುತ್ತಿದ್ದ. ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಹಿಡಿಯಲೆಂದು ಫಾಸ್ಫಾರಿಕ್ ಆಮ್ಲ ಬಳಿಯುತ್ತಿದ್ದರು. ಅದನ್ನೇ ಎನಾಮೆಲ್‌ಗೆ ಬಳಿದರೆ? ಶೇ 85ರ ಆಮ್ಲ, 30 ಸೆಕೆಂಡ್. ಫಲಿತಾಂಶ ಪ್ರಕಟವಾದದ್ದು 1955ರಲ್ಲಿ. ಆಮ್ಲ ತಾಗಿದ ನುಣುಪು ಮೈ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಒರಟಾಗುತ್ತದೆ. ದ್ರವ ಪ್ಲಾಸ್ಟಿಕ್ ಆ ಕುಳಿಗಳಿಗೆ ಇಳಿದು ಗಟ್ಟಿಯಾಗಿ, ಬೇರು ಬಿಟ್ಟಂತೆ ಕಚ್ಚಿಕೊಳ್ಳುತ್ತದೆ. 1960ರ ದಶಕದಲ್ಲಿ ಜಾರ್ಜ್ ನ್ಯೂಮನ್ ಈ ದಾರಿಯಲ್ಲಿ ಬ್ರಾಕೆಟ್‌ಗಳನ್ನು ನೇರ ಹಲ್ಲಿಗೇ ಅಂಟಿಸಿ ತೋರಿಸಿದ. ಮುಂದಿನ ಹಲ್ಲುಗಳ ಬ್ಯಾಂಡ್‌ಗಳು ಮಾಯವಾದವು. ಇಂದು ನಾವು ಬಳಸುವ ಆಮ್ಲ ಹೆಚ್ಚುಕಡಿಮೆ ಶೇ 37ರದು, ಕ್ರಮ ಅದೇ. ಅಂಟು ಸೋಲುವುದು ಮುಖ್ಯವಾಗಿ ಗೌರಿ-ಗಣೇಶ ಹಬ್ಬದ ಮರುವಾರ. ಚಕ್ಕುಲಿ, ಕೋಡುಬಳೆಗಳ ಮುಂದೆ ಯಾವ ವಿಜ್ಞಾನವೂ ನಿಲ್ಲುವುದಿಲ್ಲ.

ಹಿಡಿತ ಸಿಕ್ಕಿತು, ವೇಗ ಮಾತ್ರ ಹೆಚ್ಚಲಿಲ್ಲ. ಹಲ್ಲು ಎಲುಬಿಗೆ ನೇರ ಅಂಟಿಲ್ಲ. ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪದರದಲ್ಲಿ ತೂಗಿಕೊಂಡಿದೆ. ಒತ್ತಡ ಬಿದ್ದ ಬದಿಯಲ್ಲಿ ಎಲುಬು ಕರಗುತ್ತದೆ, ಎಳೆತ ಬಿದ್ದ ಬದಿಯಲ್ಲಿ ಹೊಸದು ಬೆಳೆಯುತ್ತದೆ. ಸ್ವೀಡನ್ನಿನ ಸಾಂಡ್‌ಸ್ಟೆಡ್ ಇದನ್ನು 1904ರ ಸುಮಾರಿಗೆ ನಾಯಿಗಳಲ್ಲಿ ಪರೀಕ್ಷಿಸಿ ತೋರಿಸಿದ. ಬಲ ಅತಿಯಾದರೆ ಆ ಪದರದ ರಕ್ತಸಂಚಾರ ನಿಂತು ಹಲ್ಲು ವಾರಗಟ್ಟಲೆ ಇದ್ದಲ್ಲೇ ನಿಲ್ಲುತ್ತದೆ. ತಿಂಗಳಿಗೆ ಒಂದು ಮಿಲಿಮೀಟರ್ ಸರಿದರೆ ನಾನು ಖುಷಿಪಡುತ್ತೇನೆ. ಇನ್ನೂ ಬಿಗಿ ಮಾಡಿ ಡಾಕ್ಟರೇ, ಮದುವೆ ಹತ್ತಿರ ಬಂತು ಎನ್ನುವವರ ಮಾತಿಗೆ ನಾನು ಕಿವಿಗೊಡದಿರುವುದು ಇದಕ್ಕಾಗಿ. ಹಗುರ ಬಲವನ್ನು ಬಹುಕಾಲ ಬಿಡದೆ ಕೊಡುವ ತಂತಿ ಬಂದದ್ದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಿಂದ. ಅಲ್ಲಿ ವಿಲಿಯಂ ಬ್ಯೂಲರ್ ಕ್ಷಿಪಣಿಯ ಮೂತಿಗಾಗಿ ಹುಡುಕುತ್ತಿದ್ದಾಗ ನಿಕ್ಕಲ್-ಟೈಟೇನಿಯಂ ಮಿಶ್ರಲೋಹ ಸಿಕ್ಕಿತು; 1970ರ ದಶಕದಲ್ಲಿ ಜಾರ್ಜ್ ಆಂಡ್ರಿಯಾಸನ್ ಅದನ್ನು ಬಾಯಿಗೆ ತಂದ.

ಇನ್ನು ಪಾರದರ್ಶಕ ಅಲೈನರ್, ಅಂದರೆ ಹಲ್ಲುಸಾಲಿಗೆ ಕವಚದಂತೆ ತೊಡಿಸುವ ತೆಳು ಪ್ಲಾಸ್ಟಿಕ್ ಹಾಳೆ. ಕ್ಲಿಪ್ಪಿನ ಕಾಲ ಮುಗಿಯಿತಲ್ಲ ಎಂದು ಈಚೆಗೆ ಕೇಳುವವರು ಹೆಚ್ಚು. 1945ರಲ್ಲೇ ಕೆಸ್ಲಿಂಗ್, ಚಿಕಿತ್ಸೆಯ ಕೊನೆಯ ಸಣ್ಣ ತಿದ್ದುಪಡಿಗೆ ರಬ್ಬರಿನ ಅಚ್ಚು ಬಳಸಿದ್ದ. 1997ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಜಿಯಾ ಚಿಶ್ತಿ, ಕೆಲ್ಸಿ ವರ್ತ್ ಇಬ್ಬರೂ ಕಟ್ಟಿದ ಅಲೈನ್ ಟೆಕ್ನಾಲಜಿ ಕಂಪನಿ ಆ ಯೋಚನೆಗೆ ಕಂಪ್ಯೂಟರ್ ಸೇರಿಸಿತು. ಒಳ್ಳೆಯ ಸಾಧನ, ಸರಿಯಾದ ರೋಗಿಗೆ ನಾನೂ ಕೊಡುತ್ತೇನೆ. ಆದರೆ ಆ ನುಣುಪು ಪ್ಲಾಸ್ಟಿಕ್ ಹಾಳೆಗೆ ನುಣುಪು ಹಲ್ಲನ್ನು ತಿರುಗಿಸುವ ಶಕ್ತಿ ಕಡಿಮೆ. ಹಾಗಾಗಿ ಹಲವು ಹಲ್ಲುಗಳ ಮೇಲೆ ಹಲ್ಲಿನದೇ ಬಣ್ಣದ ಪುಟ್ಟ ಉಬ್ಬುಗಳನ್ನು ಅಂಟಿಸುತ್ತೇವೆ, ಹಾಳೆಗೆ ಹಿಡಿ ಸಿಗಲೆಂದು. ಅಂಟಿಸುವ ಮೊದಲು ಎನಾಮೆಲ್‌ಗೆ ಬಳಿಯುವುದು ಅದೇ ಫಾಸ್ಫಾರಿಕ್ ಆಮ್ಲ.